ಹನ್ನೆರಡೂವರೆಯ ಪಿಸ್ಟನ್

ಸ್ಪೀಡೋಮೀಟರ್ ಮುಳ್ಳು ನೂರಾ ಮೂವತ್ತು ದಾಟಿತು.

ಪಕ್ಕದ ಸೀಟಿನಲ್ಲಿ ನಾನು. ಬೆಲ್ಟ್ ಇಲ್ಲ. ಸ್ಟೀರಿಂಗ್ ಹಿಡಿದ ಕಲ್ಯಾಣ್‌ನ ಕಾಲ ಬಳಿ ಒಂದು ಕಬ್ಬಿಣದ ರಾಡು. ಸೋತರೆ ಅದು ಯಾರ ಬೆನ್ನಿಗೆ ಅಂತ ಮಕ್ತಲ್ ಊರು ಬಿಡುವಾಗಲೇ ಹೇಳಿದ್ದ.

ಮುಂದೆ ಸುರೇಂದರ್‌ನ ಎಸ್ಟೀಮ್ ಕಾರು. ನಮ್ಮದೂ ಎಸ್ಟೀಮೇ. ಜುರಾಲಾ ಅಣೆಕಟ್ಟೆ ಮೊದಲು ಮುಟ್ಟಿದವನು ಗೆದ್ದಂತೆ. ಸೋತರೆ ನನ್ನ ರಿಪೇರಿ ಶೆಡ್ಡಿಗೆ ಬೀಗ. ಜಾಗ ಕಲ್ಯಾಣ್‌ದು... ಆದರೆ ಅಲ್ಲಿಂದಲೇ ನನ್ನ ಇಬ್ಬರು ಮಕ್ಕಳ ಊಟ, ಶಾಲೆ.

ಇನ್ನೊಂದು ವಿಷಯ. ಕಲ್ಯಾಣ್‌ಗೆ ಗೊತ್ತಿಲ್ಲ, ನಿಮಗೆ ಹೇಳುತ್ತೇನೆ.

ತಿಂಗಳ ಹಿಂದೆ ಹೈದರಾಬಾದಿನಿಂದ ಪಿಸ್ಟನ್ ತಂದಿದ್ದ. ತಲೆ ಗುಮ್ಮಟದ ಹಾಗೆ ಉಬ್ಬಿದ್ದವು. ಕಂಪ್ರೆಷನ್, ಅಂದರೆ ಪೆಟ್ರೋಲು-ಗಾಳಿಯನ್ನು ಹಿಂಡುವ ಪ್ರಮಾಣ, ಹನ್ನೆರಡೂವರೆಗೆ ಒಂದು. ಸುರೇಂದರ್ ಹಾಕಿಸಿದ್ದೂ ಅದೇ ಮಾಲು. ನಮ್ಮ ಸಾದಾ ಪೆಟ್ರೋಲು ಅಷ್ಟು ಒತ್ತಡ ತಾಳುವುದಿಲ್ಲ, ಈ ಮೇ ಬಿಸಿಲಲ್ಲಿ ತಾನೇ ಹೊತ್ತಿಕೊಂಡು ಪಿಸ್ಟನ್ನನ್ನೇ ಕುಟ್ಟುತ್ತದೆ, ಒಂಬತ್ತೂವರೆ ಸಾಕು ಅಂತ ಹೇಳಿ ನೋಡಿದೆ. ಅಂಜುಬುರುಕ ಅಂದ.

ಆಯಿತು ಅಂದೆ.

ಕದ ಹಾಕಿಕೊಂಡು ಚಪ್ಪಟೆ ತಲೆಯ ಪಿಸ್ಟನ್ ಕೂಡಿಸಿದೆ. ಒಂಬತ್ತೂವರೆ.

ಈಗ ಸುರೇಂದರ್ ಎರಡು ಫರ್ಲಾಂಗ್ ಮುಂದಿದ್ದ.

"ಎಳೀವಲ್ದಲ್ಲೋ ಮೇಸ್ತ್ರಿ," ಕಲ್ಯಾಣ್ ಹಲ್ಲು ಕಡಿದ. "ಒಳಗ ಏನ್ ತುಂಬೀದಿ?"

ರಾಡು ಅವನ ತೊಡೆಯ ಮೇಲೆ ಬಂತು.

ಉತ್ತರ ಕೊಡುವ ಮೊದಲೇ ರಸ್ತೆಗೆ ಅಡ್ಡಲಾಗಿ ಕುರಿಹಿಂಡು... ಬ್ರೇಕ್! ಎರಡೂ ಕಾರು ಅಕ್ಕಪಕ್ಕ ನಿಂತವು. ಕೊನೆಯ ಕುರಿ ದಾಟಿದ್ದೇ ತಡ, ಇಬ್ಬರೂ ಆಕ್ಸಿಲರೇಟರ್ ತುಳಿದರು.

ಟಿಣ್... ಟಿಣ್... ಟಿಣ್.

ಡಬ್ಬಿಯಲ್ಲಿ ಬೆಣಚುಕಲ್ಲು ಅಲ್ಲಾಡಿಸಿದ ಹಾಗೆ. ಸುರೇಂದರ್‌ನ ಬಾನೆಟ್ಟಿನೊಳಗಿಂದ.

"ಏನೋ ಅದು ಸಪ್ಪಳ?"

"ಪೆಟ್ರೋಲು ಸುತ್ತಿಗಿ ಹಿಡದೈತ್ರಿ," ಅಂದೆ. "ನೀವು ಕಾಲ ತೆಗೀಬ್ಯಾಡ್ರಿ."

ಒಂದು ಮೈಲು. ಎರಡು. ಆಮೇಲೆ ಢಬ್ ಅಂತ ಸದ್ದು, ಅದರ ಹಿಂದೆಯೇ ನೀಲಿ ಹೊಗೆ. ಕನ್ನಡಿಯಲ್ಲಿ ಸುರೇಂದರ್ ಸಣ್ಣವನಾಗುತ್ತ ಹೋದ.

ಕಟ್ಟೆಯ ಮೇಲೆ ಕಲ್ಯಾಣ್ ನನ್ನ ಬೆನ್ನು ಚಪ್ಪರಿಸಿದ. ಹೊಡೆತ ರಾಡಿನದಕ್ಕಿಂತ ಸ್ವಲ್ಪ ಕಮ್ಮಿ. ಸುರೇಂದರ್‌ನ ಮೇಸ್ತ್ರಿಗೆ ಕೈಗುಣ ಇಲ್ಲ ಅಂತ ತೀರ್ಪು ಕೊಟ್ಟ.

"ನೋಡಿದಿ? ಹನ್ನೆರಡೂವರಿ ಅಂದ್ರ ಇದು."

ತಲೆಯಾಡಿಸಿದೆ. ಶೆಡ್ ಉಳಿಯಿತು.

ಮರುದಿನ ಸುರೇಂದರ್‌ನ ಕಾರು ಟ್ರ್ಯಾಕ್ಟರಿನ ಹಿಂದೆ ನನ್ನ ಬಾಗಿಲಿಗೇ ಬಂತು. ಬಿಚ್ಚಿದರೆ, ಗುಮ್ಮಟದ ನೆತ್ತಿಗೆ ಹೆಬ್ಬೆರಳು ತೂರುವಷ್ಟು ತೂತು. ಕಾರಣ ಹೇಳಲು ಬಾಯಿ ತೆರೆದೆ.

ಸುರೇಂದರ್ ಕೈ ಅಡ್ಡ ಹಿಡಿದ.

"ನಿಮ್ಮ ಪುರಾಣ ಬ್ಯಾಡ್ರಿ. ಕಲ್ಯಾಣಗ ಏನ್ ಹಾಕೀರಿ, ನನಗೂ ಅದನ್ನ ಹಾಕ್ರಿ."

"ಅದನ್ನ ಹಾಕ್ತೀನ್ರಿ," ಅಂದೆ.

ಈ ಸಲ ಸುಳ್ಳು ಹೇಳುವ ಕೆಲಸವೂ ತಪ್ಪಿತು.