ಸೀಟಿನಡಿಯ ತೆಂಗಿನಕಾಯಿ

ಕಾರಿನಿಂದ ಇಳಿದವನನ್ನು ಕಂಡು ಇಂಪನಾ ಜಗಲಿಯ ಮೇಲೆಯೇ ನಿಂತುಬಿಟ್ಟಳು.

ರುದ್ರೇಶ್!

ಹನ್ನೊಂದು ತಿಂಗಳ ಹಿಂದೆ, ಇದೇ ಮನೆಯ ಅಟ್ಟಕ್ಕೆ ಕೊಬ್ಬರಿಗೆಂದು ತೆಂಗಿನಕಾಯಿ ಏರಿಸಲು ಬಂದಾಗ, "ನನ್ನ ಮದುವೆ ಆಗ್ತೀರಾ?" ಎಂದು ನೇರವಾಗಿ ಕೇಳಿದವನು. ಆಮೇಲೆ ಈ ಬೀದಿಗೇ ಕಾಲಿಡದವನು.

"ಬೇರೆ ಡ್ರೈವರ್ ಸಿಗಲಿಲ್ವಾ ಅತ್ತೆ?"

"ಸಮುದ್ರ ನೋಡ್ಬೇಕು ಅಂದೋಳು ನಾನು. ಡ್ರೈವರ್ ವಿಚಾರ ನಿಂಗ್ಯಾಕೆ? ಹತ್ತು ಕಣೇ!"

ಅತ್ತೆ ಗಿರಿಜಾಂಬಿಕಾ ತಮ್ಮ ಚೀಲಗಳ ಸಮೇತ ಹಿಂದಿನ ಸೀಟನ್ನು ತುಂಬಿದ್ದರು. ಉಳಿದದ್ದು ಮುಂದಿನ ಸೀಟು.

ತುರುವೇಕೆರೆ ದಾಟಿತು. ತಿಪಟೂರಿನಲ್ಲಿ ಇಡ್ಲಿ ತಿಂದರು. ತೆಂಗಿನ ತೋಟಗಳು ನಿಧಾನವಾಗಿ ಹಿಂದೆ ಸರಿದವು. ಯಾರಿಗೂ ಅವಸರವಿರಲಿಲ್ಲ. ಗಂಡ ಮೋಕ್ಷಿತ್ ಹೋಗಿ ಮೂರು ವರ್ಷ... ಅಂದಿನಿಂದ ಇಂಪನಾಗೆ ಯಾವುದಕ್ಕೂ ಅವಸರವಿಲ್ಲ.

'ಕೇಳಿ, ಮರೆತು, ಈಗ ಏನೂ ಆಗದವನ ಹಾಗೆ ಗಾಡಿ ಓಡಿಸ್ತಿದ್ದಾನಲ್ಲ!'

ಶಿರಾಡಿ ಘಾಟಿಯ ಮೊದಲ ತಿರುವಿನಲ್ಲಿ ಅವಳ ಸೀಟಿನಡಿ ಏನೋ ಉರುಳಿ ಹಿಮ್ಮಡಿಗೆ ಬಡಿಯಿತು. ಬಗ್ಗಿ ಎತ್ತಿಕೊಂಡಳು. ಸಿಪ್ಪೆ ಸಮೇತ ಒಂದು ತೆಂಗಿನಕಾಯಿ. ಮೇಲೆ ಸುಣ್ಣದಲ್ಲಿ ಬರೆದ ತಾರೀಖು.

ಅವನು ಕೇಳಿದ ದಿನದ ತಾರೀಖು!

ರುದ್ರೇಶ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಸಂಜೆ ಸಮುದ್ರ ಸಿಕ್ಕಿತು. ಗಿರಿಜಾಂಬಿಕಾ ಸೀರೆ ಎತ್ತಿ ಹಿಡಿದು ಅಲೆಗೆ ಕಾಲು ಕೊಟ್ಟರು. "ಇಷ್ಟು ನೀರೈತೆ... ಒಂದು ತೋಟಕ್ಕೆ ಬಿಡೋಕೆ ಬರಲ್ವಲ್ಲ!"

ಇಂಪನಾ ಕಾಯಿ ಹಿಡಿದೇ ನಿಂತಿದ್ದಳು. "ಏನಿದು?"

"ನೀವೇ ಹೇಳಿದ್ರಲ್ರೀ. 'ಈ ಕಾಯಿ ಕೊಬ್ಬರಿ ಆಗ್ಲಿ, ಆಮೇಲೆ ನೋಡೋಣ' ಅಂತ. ಅದ್ರಲ್ಲೇ ಒಂದು ಕಾಯಿ ತಗೊಂಡ್ಹೋಗಿ ನಮ್ಮ ಅಟ್ಟದ ಮೇಲಿಟ್ಟೆ. ಅಲ್ಲೀಗಂಟ ನಿಮ್ಮ ಕಣ್ಣಿಗೆ ಬೀಳಬಾರ್ದು ಅನ್ಕೊಂಡೆ."

ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷವೇ ಹಿಡಿಯುತ್ತದೆ; ಸಾಗಹಾಕಲು ಆಡಿದ ಮಾತದು! ಅವನು ಅದನ್ನೇ ಗಡುವು ಎಂದುಕೊಂಡಿದ್ದ.

"ನಿಮ್ಮ ಮನಸ್ಸು ಬದಲಾಯ್ತೇನೋ ಅಂದ್ಕೊಂಡಿದ್ದೆ ನಾನು..."

"ದಿನಾ ಅಲ್ಲಾಡಿಸಿ ಕೇಳ್ತಿದ್ದೆ ಕಣ್ರೀ."

ಇಂಪನಾ ಕಾಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದಳು. ಕೊಬ್ಬರಿ ಆಗಿದ್ದರೆ ಒಳಗೆ ಲೊಡಲೊಡ ಎನ್ನಬೇಕು. ಗುಳಕ್ ಎಂದಿತು.

"ಇನ್ನೂ ನೀರಿದೆ."

ಅವನ ಮುಖ ಬಾಡಿತು. "ಗೊತ್ತು... ಅಮ್ಮಾವ್ರು ಗಾಡಿಗೆ ಕರೆದ್ರು, ತಡೆಯೋಕಾಗ್ಲಿಲ್ಲ. ಬುಡಿ, ಇನ್ನೂ ಕಾಯ್ತೀನಿ."

ನೀರು ಆರದ ಕಾಯನ್ನು ಅವರ ಸೀಮೆಯಲ್ಲಿ ಯಾರೂ ಅಟ್ಟದಿಂದ ಇಳಿಸುವುದಿಲ್ಲ. ಇಂಪನಾ ಅಲೆಗಳನ್ನು ನೋಡಿದಳು. ಪೂರ್ತಿ ಒಣಗುವವರೆಗೂ ಕಾಯಲೇಬೇಕೇ?

"ಸುಲೀರಿ."

"ಈಗ್ಲಾ? ಇದಿನ್ನೂ..."

"ಆಗದಿದ್ರೂ ಪರವಾಗಿಲ್ಲ. ಆದ್ರೆ... ಅತ್ತೆನ ಬಿಟ್ಟು ಬರಲ್ಲ ನಾನು."

"ಯಾರು ಬಿಡು ಅಂದ್ರು?" ಅಲೆಯ ನಡುವಿನಿಂದಲೇ ಕೂಗು ಬಂತು. "ನಮ್ಮನೆ ಅಟ್ಟ ಹತ್ತೋಕೂ ಒಬ್ಬ ಬೇಕು! ಸುಲೀಲಾ ಬೇಗ, ಬಾಯಾರ್ತೈತೆ!"

ಜಾಕಿನ ಸಲಾಕೆಯಿಂದ ಸಿಪ್ಪೆ ಸುಲಿದು, ಬಂಡೆಗೆ ಕುಟ್ಟಿ, ರುದ್ರೇಶ್ ಉಳಿದಿದ್ದ ಗುಟುಕು ನೀರನ್ನು ಅವಳ ಬೊಗಸೆಗೆ ಸುರಿದ.

"ಹೆಂಗೈತೆ?"

"ಹುಳಿ!" ಇಂಪನಾ ಮುಖ ಕಿವುಚಿದಳು. ಮರುಕ್ಷಣ ನಕ್ಕುಬಿಟ್ಟಳು... ಆ ನಗು ಅವಳಿಗೇ ಹೊಸದಾಗಿ ಕೇಳಿಸಿತು.

"ಅಂದ್ರೆ... ಬೇಡ್ವಾ?"

ಅವಳು ಬೊಗಸೆಯಲ್ಲಿದ್ದುದನ್ನು ಪೂರ್ತಿ ಕುಡಿದಳು.

"ಬೇಕು ಕಣ್ರೀ."