ಖಾಲಿ ಬಿಟ್ಟ ಮುಖ

"ಏನ್ರೀ ಮೇಡಂ, ಕೇಳದ ನನ್ನ ಚಿತ್ರ ತಗಿಯಾಕತ್ತೀರಲ್ಲ?"

ತನ್ಮಯಿಯ ಕೈಯಲ್ಲಿದ್ದ ಇದ್ದಿಲು ಕಡ್ಡಿ ಪಟ್ಟನೆ ಮುರಿಯಿತು. ಬನಶಂಕರಿ ಬಸ್ ನಿಲ್ದಾಣದ ಕಂಬಕ್ಕೆ ಒರಗಿದ್ದವನು ಯಾವಾಗ ಎದುರಿಗೆ ಬಂದನೋ ಅವಳಿಗೆ ತಿಳಿಯಲೇ ಇಲ್ಲ. ಚಿತ್ರ ಬರೆಯುವಾಗ ಅವಳಿಗೆ ಮನುಷ್ಯರ ಭುಜ, ಬೆನ್ನು, ಮೊಣಕೈ ಕಾಣುತ್ತವೆ. ಅವರಿಗೂ ಕಣ್ಣಿದೆ ಎಂಬುದು ಮರೆತೇ ಹೋಗುತ್ತದೆ.

"ಸಾರಿ... ನೀವು ನಿಂತಿದ್ದ ರೀತಿ ಚೆನ್ನಾಗಿತ್ತು."

"ನಾ ನಿಂತದ್ದು ಬಸ್ಸಿಗೆ. ನಿಮಗಲ್ಲ."

ಅವಳ ಕೈಯಿಂದ ಚಿತ್ರದ ಪುಸ್ತಕ ಕಿತ್ತುಕೊಂಡು ನೋಡಿದ. ನೋಡುತ್ತ ನೋಡುತ್ತ ಅವನ ಸಿಟ್ಟು ಇಳಿಯಿತು.

"ಎಲ್ಲಾ ಬರದೀರಿ. ಮಾರಿ ಎಲ್ಲೈತಿ?"

"ಮುಖ ಹೀಗೆ ಕದ್ದು ಬರೆಯಲ್ಲ. ಎದುರಿಗೆ ನಿಲ್ಲಿಸ್ಕೊಂಡು, ಕೇಳಿ ಬರೀತೀನಿ."

"ಹಂಗಾರ ಕೇಳ್ರಿ."

ಕೇಳಿದಳು. ಅಷ್ಟರಲ್ಲಿ ಅವನ ಬಸ್ಸು ಹೊರಟುಹೋಗಿತ್ತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ.

ಅವನ ಹೆಸರು ನಿಂಗರಾಜ. ಗದಗದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆ ರೂಮು, ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ಎರಡು ಸಾವಿರದ ಐದನೇ ಇಸವಿಯ ಆ ಬೇಸಿಗೆಯಲ್ಲಿ ಪ್ರತಿ ಭಾನುವಾರ ತ್ಯಾಗರಾಜನಗರದ ಅವಳ ಮನೆಯ ಮಹಡಿ ಕೋಣೆಗೆ ಬಂದು ನಿಲ್ಲತೊಡಗಿದ.

ಅವಳ ಕೆಲಸದ ಕ್ರಮ ಹೀಗಿತ್ತು. ಮೊದಲು ಇದ್ದಿಲಿನಲ್ಲಿ ಆಳಿನ ಚಿತ್ರ. ಅದನ್ನು ಕಂಪ್ಯೂಟರಿಗೆ ಹಾಕಿ, ಹಿಂದೆ ಬಸ್‌ ಸ್ಟಾಪಿನ ಫೋಟೋ ಕೂಡಿಸಿ, ಆಳೆತ್ತರಕ್ಕೆ ದೊಡ್ಡದು ಮಾಡಿ ಬಟ್ಟೆಯ ಮೇಲೆ ಡಿಜಿಟಲ್ ಪ್ರಿಂಟ್. ಮುಖ ಮಾತ್ರ ಬೇರೆ ಬಟ್ಟೆಯ ತುಂಡಿನ ಮೇಲೆ, ಕೈಯಲ್ಲೇ, ಕೊನೆಗೆ. ಆಮೇಲೆ ಎರಡನ್ನೂ ಸೇರಿಸಿ ಹೊಲಿದು ತೂಗುಹಾಕಿದರೆ, ನೋಡಲು ಬಂದವರು ಆ ಬಟ್ಟೆಯ ಜನರ ನಡುವೆ ಓಡಾಡಬಹುದು.

ನಿಂಗರಾಜ ಚಹಾ ಕುಡಿದು ಮತ್ತೆ ಅದೇ ಜಾಗದಲ್ಲಿ ನಿಲ್ಲಲಿ ಎಂದು ಅವನ ಪಾದಗಳ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದಿದ್ದಳು. ಆ ಗೆರೆ ವಾರವೆಲ್ಲ ಹಾಗೇ ಇರುತ್ತಿತ್ತು.

"ಮೇಲಿನ ರೂಮು ಒರೆಸೋದು ಬೇಡ ಅಂದ್ಯಂತೆ? ಕೆಲಸದ ಅಂಜನಮ್ಮ ಹೇಳಿದ್ಲು," ಎಂದಳು ಅಮ್ಮ ಅಲಮೇಲು.

"ಕೆಲಸ ಮುಗಿದಿಲ್ಲಮ್ಮ."

ಮುಗಿದಿತ್ತು. ಮುಖ ಒಂದು ಬಿಟ್ಟು ಎಲ್ಲ ಮುಗಿದಿತ್ತು. "ಇವತ್ತು ಮಾರಿ ಬರೀತೀರೇನ್ರೀ?" ಎಂದು ಅವನು ಕೇಳುವುದು, "ಮುಂದಿನ ವಾರ" ಎಂದು ಇವಳು ಹೇಳುವುದು. ಮುಖ ಬರೆದು ಮುಗಿಸಿದರೆ ಅವನು ಬರುವುದಕ್ಕೆ ಕಾರಣವೇ ಇರುವುದಿಲ್ಲವಲ್ಲ... ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಮಾತ್ರ ನಮ್ಮ ಹುಡುಗಿಗೆ ಧೈರ್ಯವಿರಲಿಲ್ಲ.

ಅವಳ ಚಿತ್ರಗಳ ಪ್ರದರ್ಶನದ ಹಿಂದಿನ ವಾರ, ಪ್ರಿಂಟ್ ನೋಡಲು ಬನ್ನಿ ಎಂದು ಅವನನ್ನು ಜಯನಗರದ ಅಂಗಡಿಗೆ ಕರೆದಳು. ಇವಳು ಹೋಗುವುದು ಸ್ವಲ್ಪ ತಡವಾಯಿತು. ಅವನು ಬಂದು ಹೋದನೆಂದು ಅಂಗಡಿಯವರು ಹೇಳಿದರು. ಆ ಭಾನುವಾರ ಅವನು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ.

'ನಾನೇನು ತಪ್ಪು ಮಾಡ್ದೆ?' ಎಂದು ಅವಳು ಆ ಗೆರೆಗಳ ಪಕ್ಕದಲ್ಲೇ ಕುಳಿತು ಅತ್ತಳು.

ಪ್ರದರ್ಶನದ ದಿನ ಬೆಳಿಗ್ಗೆ ತಡೆಯಲಾಗದೆ ಬಿಟಿಎಂಗೆ ಹೋದಳು. ಅವನು ಮೆಟ್ಟಿಲ ಮೇಲೇ ಸಿಕ್ಕ.

"ಯಾಕೆ ಬರ್ಲಿಲ್ಲ?"

"ನನ್ನ ಮೈ ಸಾಕಾತಲ್ರೀ ನಿಮಗ. ಮಾರಿಗೆ ವಿಷ್ಣು ಅದಾರಲ್ಲ."

ವಿಷ್ಣು ಅವಳ ಸೋದರತ್ತೆಯ ಮಗ. ಅವನಿಗೇ ಇವಳನ್ನು ಕೊಡುವ ಮಾತು ಮನೆಯಲ್ಲಿ ನಡೆದಿತ್ತು. ಅಮ್ಮನ ಒತ್ತಾಯಕ್ಕೆ ಅವನ ಚಿತ್ರವನ್ನೂ ಬರೆದಿದ್ದಳು. ಒಂದೆರಡು ಭಾನುವಾರ ಅವನನ್ನು ನಿಂಗರಾಜ ಅವಳ ಮನೆಯಲ್ಲೇ ನೋಡಿದ್ದ.

"ಏನು ಹೇಳ್ತಿದ್ದೀರಿ ನೀವು?"

"ಅಂಗಡ್ಯಾಗ ಕಣ್ಣಾರೆ ನೋಡೇನಿ. ಕೆಳಗ ನಾನು, ಮ್ಯಾಲ ಅವರ ಮಾರಿ. ವಾರಗಟ್ಟಲೆ ಮುಂದಿನ ವಾರ ಅಂದಿದ್ದು ಇದಕ್ಕ?"

ಅವಳಿಗೆ ಈಗ ಹೊಳೆಯಿತು. ಹೊಲಿಯಲು ಕೊಟ್ಟಿದ್ದ ವಿಷ್ಣುವಿನ ಮುಖದ ತುಂಡನ್ನು ಅಂಗಡಿಯವರು ತಪ್ಪಿ ನಿಂಗರಾಜನ ಮೈ ಮೇಲೆ ಕ್ಲಿಪ್ ಹಾಕಿ ನೇತುಹಾಕಿ, ಅವಳು ಹೋಗುವಷ್ಟರಲ್ಲಿ ತೆಗೆದಿದ್ದಾರೆ. ಅದನ್ನು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳಿಗೂ ಸಿಟ್ಟು ಬಂದಿತ್ತು. ಇಷ್ಟು ದಿನ ಎದುರಿಗೆ ನಿಂತು ಇವನು ನನ್ನಲ್ಲಿ ಕಂಡದ್ದು ಇಷ್ಟೇನಾ?

"ನಿಮ್ಮ ಮುಖದ ಬಟ್ಟೆ ಇನ್ನೂ ನನ್ನ ಹತ್ರಾನೇ ಖಾಲಿ ಇದೆ. ಸಂಜೆ ಆರು ಗಂಟೆಗೆ ಪ್ರದರ್ಶನದ ಬಾಗಿಲು ತೆಗೀತಾರೆ. ಬೇಕಿದ್ರೆ ಬಂದು ನೋಡಿ," ಎಂದವಳೇ ಇಳಿದುಹೋದಳು.

ಸಂಜೆ ಜಯನಗರದ ಆ ಸಣ್ಣ ಹಾಲ್ ತುಂಬಿತ್ತು. ತೂಗುವ ಬಟ್ಟೆಗಳ ನಡುವೆ ಜನ ಸುತ್ತಾಡುತ್ತಿದ್ದರು. ಮಧ್ಯದ ಬಟ್ಟೆಗೆ ಮಾತ್ರ ಕತ್ತಿನಿಂದ ಮೇಲೆ ಬರಿಯ ಬಿಳಿ. ಅದರ ಮುಂದೆ ನೆಲದ ಮೇಲೆ ಸೀಮೆಸುಣ್ಣದ ಎರಡು ಪಾದ. ಮನೆಯ ಗೆರೆಗಳನ್ನು ಪೇಪರಿನ ಮೇಲೆ ಅಚ್ಚೆತ್ತಿ ತಂದು ಅವಳೇ ಎಳೆದಿದ್ದಳು.

ಆರೂವರೆಯಾಯಿತು. ಅವನಿಲ್ಲ.

"ಇದಕ್ಕೆ ತಲೆ ಎಲ್ಲಮ್ಮ?" ಎಂದರು ಅಪ್ಪ ತಿರುಮಲೇಶ.

"ಬರ್ತಾರೆ... ಬಂದ್ಮೇಲೆ ಬರೀಬೇಕು."

"ಎಲ್ಲಾ ಬಂದಿದಾರೆ. ಯಾರದಾದ್ರೂ ಬರೆದು ಮುಗಿಸ್ಬಾರ್ದಾ?" ಎಂದಳು ಅಮ್ಮ.

ವಿಷ್ಣು ನಗುತ್ತ ಮುಂದೆ ಬಂದ. "ನಾನೇ ನಿಂತ್ಕೊಳ್ಳಲಾ ತನು? ಎರಡು ನಿಮಿಷದ ಕೆಲಸ." ಅವನ ಕಾಲು ಗೆರೆಯ ಹತ್ತಿರ ಬಂತು.

"ಅದ್ರೊಳಗೆ ಕಾಲಿಡಬೇಡ ವಿಷ್ಣು."

ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಸುತ್ತಲಿನವರು ತಿರುಗಿ ನೋಡಿದರು.

"ಯಾಕೆ?" ಎಂದ ಅವನು, ಕಾಲು ಹಿಂದಕ್ಕೆ ತೆಗೆದು.

ಅಪ್ಪ ನೋಡುತ್ತಿದ್ದರು. ಸೋದರತ್ತೆ ನೋಡುತ್ತಿದ್ದರು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎಂದು ಅವಳಿಗೆ ಗೊತ್ತಾಯಿತು.

"ಅದು ನಿಂಗರಾಜ್ ಅವರ ಜಾಗ. ಅವರು ಬರದೇ ಇದ್ರೆ ಅದು ಖಾಲಿನೇ ಇರುತ್ತೆ. ಬಟ್ಟೇಲೂ ಅಷ್ಟೇ... ನನ್ನ ಜೀವನದಲ್ಲೂ ಅಷ್ಟೇ."

ಅಮ್ಮ ಅಪ್ಪನ ತೋಳು ಹಿಡಿದುಕೊಂಡಳು. ವಿಷ್ಣು ಒಂದು ಕ್ಷಣ ಅವಳನ್ನೇ ನೋಡಿ, ತನ್ನ ತಾಯಿಯ ಪಕ್ಕಕ್ಕೆ ಹೋಗಿ ನಿಂತ. ಅಲ್ಲೇ ಪಕ್ಕದಲ್ಲಿ ತೂಗುತ್ತಿದ್ದ ಬಟ್ಟೆಯಲ್ಲಿ ಅವನ ಮೈ ಮೇಲೆ ಅವನದೇ ಮುಖವಿತ್ತು.

ಬಾಗಿಲ ಬಳಿಯ ಬಟ್ಟೆ ಅಲುಗಿತು. ಕಂಪನಿಯ ನೀಲಿ ಶರಟಿನಲ್ಲೇ ನಿಂಗರಾಜ ಅಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನು ವಿಷ್ಣುವಿನ ಬಟ್ಟೆಯನ್ನು ನೋಡಿದ, ಬಿಳಿಯ ತುಂಡನ್ನು ನೋಡಿದ. ಆಮೇಲೆ ತಲೆ ತಗ್ಗಿಸಿ ನಡೆದು ಬಂದು, ಚಪ್ಪಲಿ ಬಿಟ್ಟು, ಆ ಗೆರೆಗಳೊಳಗೆ ಪಾದ ಇಟ್ಟ. ಸರಿಯಾಗಿ ಕೂತವು.

"ತಪ್ಪಾತ್ರೀ," ಎಂದ ಮೆಲ್ಲಗೆ.

"ತಲೆ ಎತ್ತಿ. ಮುಖ ಕಾಣ್ತಿಲ್ಲ."

ಅವಳು ಸ್ಟೂಲು ಹತ್ತಿ, ಎಲ್ಲರೆದುರಿಗೆ ಇದ್ದಿಲು ಕೈಗೆತ್ತಿಕೊಂಡಳು. ಅಪ್ಪ ಹೊರಡಲಿಲ್ಲ. ಮೂಲೆಯ ಕುರ್ಚಿ ಎಳೆದುಕೊಂಡು ಕುಳಿತರು. ಹಣೆ ಬಂತು, ಹುಬ್ಬು ಬಂತು. ಕಣ್ಣಿಗೆ ಬರುವ ಹೊತ್ತಿಗೆ ಅವಳದೇ ಕಣ್ಣು ಮಂಜಾಯಿತು.

"ಅಲುಗಾಡಬೇಡಿ," ಎಂದಳು, ಅಲುಗಾಡುತ್ತಿದ್ದವಳು ತಾನೇ ಆದರೂ.

"ಮುಂದಿನ ವಾರ ಅಂತ ಯಾಕ ಅಂತಿದ್ರಿ?"

"ಮುಗಿದ್ರೆ ನೀವು ಬರಲ್ವಲ್ಲ ಅಂತ."



"ಹಂಗಾರ ಮುಗಸಬ್ಯಾಡ್ರಿ," ಎಂದ. "ನಾ ನಿಂತಿರ್ತೀನಿ."