ಹೆಡ್ವಿಗ್‌ಳ ಕೆನ್ನೆ

ಇಳಾ ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ತಾಗಿಸಿ, ಗೋರಿಯ ಮೇಲೆ ಮಲಗಿದ್ದ ಕಲ್ಲಿನ ದೊರೆಯ ತುಟಿಯ ಮೇಲೆ ಮೆಲ್ಲಗೆ ಉರುಳಿಸುತ್ತಿದ್ದಳು.

“ಅಯ್ಯ, ಅಂವಗ ನಿನ್ನ ಎಂಜಲಾ ಹಚ್ಚಾಕತ್ತೀ?”

ಚರ್ಚಿನ ಬಾಗಿಲಲ್ಲಿ ಸುನಿಲಕುಮಾರ. ಧಾರವಾಡದವನು, ಕಾರ್ ಇಂಜಿನಿಯರ್. ಅವಳನ್ನು ನೋಡಲೆಂದೇ ವೋಲ್ಫ್ಸ್‌ಬುರ್ಗ್‌ನಿಂದ ಬೆಳಗಿನ ಟ್ರೇನ್ ಹಿಡಿದು ಬಂದಿದ್ದ.

“ಹಳೇ ಬಣ್ಣಕ್ಕೆ ಇದರಷ್ಟು ಮೆತ್ತಗಿನ ಕ್ಲೀನರ್ ಇನ್ನೊಂದಿಲ್ಲ. ಹೊಟ್ಟೆಕಿಚ್ಚಾ?”

“ಎಂಟುನೂರು ವರ್ಷದ ಮುದುಕನ ಮ್ಯಾಲೆ? ಸ್ವಲ್ಪ ಐತಿ.”

ಅವಳು ನಕ್ಕಳು. ನಗು ಚರ್ಚಿನೊಳಗೆ ಒಂದು ಸುತ್ತು ಹಾಕಿ, ಬೇರೆ ಯಾರದೋ ಆಗಿ ಮರಳಿತು.

ಜರ್ಮನಿಯ ಡ್ರೆಸ್ಡೆನ್ ಆಚೆಯ ಈ ಚರ್ಚಿನಲ್ಲಿ ಹಳೆಯ ಶಿಲ್ಪಗಳನ್ನು ಶುಚಿಮಾಡುವುದು ಏಳು ತಿಂಗಳಿಂದ ಅವಳೊಬ್ಬಳದೇ ಕೆಲಸ. ದೊರೆಯ ಪಕ್ಕದಲ್ಲಿ ಮಲಗಿದ್ದ ಕಲ್ಲಿನ ಹೆಂಡತಿ ಹೆಡ್ವಿಗ್‌ಳ ಕೆನ್ನೆ ದಿನವೂ ಬೆಳಿಗ್ಗೆ ತೇವವಾಗಿರುತ್ತಿತ್ತು. ಅವನ ಕೆನ್ನೆ ಒಣಗಿರುತ್ತಿತ್ತು. ಒಂದೇ ಕಲ್ಲು, ಒಂದೇ ಚಳಿ.

“ಈ ದೊರೆ ಒಂದು ವರ್ಷ ಅಂತ ಹೇಳಿ ಜೆರುಸಲೇಮಿನ ಯುದ್ಧಕ್ಕೆ ಹೋದ,” ಎಂದಳು ಇಳಾ. “ಅಲ್ಲಿನ ರಾಜ ಇವನಿಗೆ ಒಂದು ಕೋಟೆ, ಮೂರು ಹಳ್ಳಿ ಕೊಟ್ಟು ದೊರೆ ಮಾಡಿದ. ‘ಬರೋ ವಸಂತಕ್ಕೆ ಬರ್ತೀನಿ’ ಅಂತ ಪತ್ರ ಬರೀತಿದ್ದನಂತೆ. ಇಪ್ಪತ್ತೆರಡು ವಸಂತ ಕಳೆದರೂ ಬರಲಿಲ್ಲ. ಕೊನೆಗೆ ಇವಳೇ ಇಬ್ಬರ ಗೋರಿ ಮಾಡಿಸಿದಳು. ಶಿಲ್ಪಿ ಅವನ ಮುಖ ಹೇಗಿತ್ತು ಅಂತ ಕೇಳಿದರೆ, ನೆನಪೇ ಬರಲಿಲ್ವಂತೆ.”

“ಮತ್ತ ಇದು ಯಾರ ಮುಖ?”

“ಕುದುರೆ ನೋಡ್ಕೊಳ್ತಿದ್ದ ಆಳಿಂದು. ಕೆಳಗೆ ದೊರೆಯ ಮೂಳೆಯೂ ಇಲ್ಲ.”

ಸುನಿಲ ಅವಳ ನೀರಿನ ಬಾಟಲಿ ಎತ್ತಿಕೊಂಡ. ಎರಡು ವರ್ಷದಿಂದ ಬಾಟಲಿಯನ್ನು ಮೇಲೆತ್ತಿ, ತುಟಿಗೆ ತಾಗಿಸದೆ ಕುಡಿಯುತ್ತಿದ್ದವನು ಇಂದು ಕಚ್ಚಿ ಕುಡಿದ.

ಇಳಾ ಅದನ್ನು ನೋಡಿದಳು. ಕಡ್ಡಿಯನ್ನು ಕೆಳಗಿಟ್ಟು ಅವನತ್ತ ತಿರುಗಿದಳು.

ಅವನು ಜಾಕೆಟ್ಟಿನಿಂದ ಉಂಗುರದ ಡಬ್ಬಿ ತೆಗೆದ.

“ಮೆಕ್ಸಿಕೋದಾಗ ಹೊಸಾ ಪ್ಲಾಂಟ್. ನನ್ನ ಹೆಡ್ ಮಾಡ್ಯಾರ. ಮನಿ, ಕಾರು, ಎಲ್ಲಾ ಕೊಡ್ತಾರ. ಇದನ್ನ ಹಾಕ್ಕೊಂಡಿರು ಇಳಾ. ವಾಪಸ್ ಬಂದ ಕೂಡ್ಲೇ ಮದುವಿ.”

“ನಾನೂ ಬರ್ತೀನಿ.”

“ಮೊದ್ಲ ನಾ ಸೆಟ್ಲ್ ಆಗ್ತೀನಿ. ಎರಡಽ ವರ್ಷ. ಪಕ್ಕಾ.”

ಅವಳ ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು. ತಿರುಗದೆಯೇ ಕೈಯನ್ನು ಹಿಂದಕ್ಕೆ ಚಾಚಿದಳು. ಹೆಡ್ವಿಗ್‌ಳ ಕೆನ್ನೆ ಒದ್ದೆಯಾಗಿತ್ತು.

ಶಿಲ್ಪಿಗೆ ಹೇಳುವವಳಂತೆ ಇಳಾ ಅವನ ಮುಖವನ್ನು ನೋಡಿದಳು. ಎಡ ಹುಬ್ಬಿನ ಕೆಳಗೆ ಮಚ್ಚೆ. ನಕ್ಕರೆ ಮಾತ್ರ ಕಾಣುವ ಮುರುಕು ಹಲ್ಲು. ಕಿವಿಯ ಬಳಿ ಒಂದೇ ಒಂದು ಬಿಳಿ ಕೂದಲು. ಎಲ್ಲವೂ ಇನ್ನೂ ಇತ್ತು.

ಒದ್ದೆ ಕೈಯಿಂದಲೇ ಡಬ್ಬಿಯನ್ನು ಮುಚ್ಚಿ, ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದಳು.

“ಇಲ್ಲ ಸುನಿಲ್. ನಾನು ಕಾಯಲ್ಲ.”